ಪೇಂಟಿಂಗ್ ಕೊಟೇಶನ್ ಕರೆಯುವ ಮೊದಲು

ಮಂಗಳೂರಿನಿಂದ ಕಾರವಾರದವರೆಗಿನ ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳಿಗೆ ಒಂದು ಬಹಿರಂಗ ಪತ್ರ

ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು, ಹಾಗೂ ಸಭೆಗೆ ಬಾರದೆ ವಾಟ್ಸ್‌ಆ್ಯಪ್ ಗುಂಪಿನಲ್ಲಷ್ಟೇ ಆಕ್ಷೇಪ ಎತ್ತುವ ಸಮಸ್ತ ಸದಸ್ಯರಿಗೆ,



ಚೌತಿ ಕಳೆದು ಮಳೆ ಹಿಂದೆ ಸರಿಯುತ್ತಿದ್ದಂತೆ ನಮ್ಮ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಕೊಟೇಶನ್‌ಗಳ ಹಂಗಾಮು ಶುರುವಾಗುತ್ತದೆ. ಗೋಡೆಯ ಪಾಚಿ ಕೆರೆಸಬೇಕು, ಬಿರುಕಿಗೆ ಪುಟ್ಟಿ ಮೆತ್ತಿಸಬೇಕು, ಹೊರಗೆ ಎರಡು ಕೋಟ್ ಬಣ್ಣ ಬಳಿಸಬೇಕು. ಮೂರು ಕಡೆಯಿಂದ ದರ ತರಿಸಿ, ಕಡಿಮೆ ಹೇಳಿದವನಿಗೆ ಕೆಲಸ ಕೊಟ್ಟು, ದೀಪಾವಳಿಯೊಳಗೆ ಮುಗಿಸಿದರೆ ಸಮಿತಿಗೆ ಒಳ್ಳೆಯ ಹೆಸರು. ಬಣ್ಣದ ಬಗ್ಗೆ ನನ್ನ ತಕರಾರಿಲ್ಲ. ಹಳೆಯ ಕಟ್ಟಡಗಳ ಬಲ ತಪಾಸಣೆ ಮಾಡುವ ಸಿವಿಲ್ ಎಂಜಿನಿಯರ್ ಆಗಿ ನನ್ನ ತಕರಾರು ಇಷ್ಟೇ: ನೀವು ಪೇಂಟರನ ಕೈಗೆ ಒಪ್ಪಿಸುತ್ತಿರುವ ಬಿರುಕುಗಳಲ್ಲಿ ಕೆಲವು ಪೇಂಟರನ ಕೆಲಸವಲ್ಲ.

ಯಾವುವು ಎಂದು ಗುರುತಿಸಲು ಎಂಜಿನಿಯರಿಂಗ್ ಓದಬೇಕಿಲ್ಲ. ಗೋಡೆಯ ಗಾರೆಯಲ್ಲಿ ಅಡ್ಡಾದಿಡ್ಡಿ ಹರಡಿದ ಕೂದಲೆಳೆಯ ಬಿರುಕುಗಳು ಹೆಚ್ಚಿನ ಸಲ ಗಾರೆಯ ಸಮಸ್ಯೆ ಮಾತ್ರ. ಪಾರ್ಕಿಂಗ್‌ಗೆ ಇಳಿದು ಬೀಮಿನ ತಳ ನೋಡಿ, ಪಿಲ್ಲರ್‌ನ ಮೂಲೆಗಳನ್ನು ನೋಡಿ. ಅಲ್ಲಿ ಬಿರುಕು ಗೆರೆ ಎಳೆದ ಹಾಗೆ ಉದ್ದಕ್ಕೆ ನೇರವಾಗಿ ಓಡಿದ್ದರೆ ಅದರ ಹಿಂದೆ ಒಂದು ಕಂಬಿ ಇದೆ ಎಂದು ತಿಳಿಯಿರಿ. ಕಂಬಿಯ ಗುಂಟವೇ ಬಿರುಕು ಬಿಟ್ಟಿದೆ ಎಂದರೆ ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿದೆ. ಬಿರುಕಿನಿಂದ ಕಂದು ನೀರು ಇಳಿದ ಕಲೆ ಇದ್ದರೆ ಅನುಮಾನವೇ ಬೇಡ. ಕಲೆ ಇಲ್ಲದಿದ್ದರೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಕಾಂಕ್ರೀಟು ಟಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದೆ.

ಕಾಂಕ್ರೀಟಿನೊಳಗಿನ ಕಂಬಿಗೆ ತುಕ್ಕು ಯಾಕೆ ಹಿಡಿಯುತ್ತದೆ ಎಂಬುದಕ್ಕಿಂತ, ಮೊದಲ ಇಷ್ಟು ವರ್ಷ ಯಾಕೆ ಹಿಡಿಯಲಿಲ್ಲ ಎಂದು ಕೇಳುವುದೇ ಸರಿ. ಬರಿಯ ಕಬ್ಬಿಣವನ್ನು ಉಳ್ಳಾಲದಲ್ಲೋ ಮಲ್ಪೆಯಲ್ಲೋ ಒಂದು ಮಳೆಗಾಲ ಹೊರಗಿಟ್ಟರೆ ಅದರ ಗತಿ ಏನೆಂದು ನಿಮಗೇ ಗೊತ್ತು. ಸಿಮೆಂಟು ನೀರಿನೊಡನೆ ಬೆರೆತು ಗಟ್ಟಿಯಾಗುವಾಗ ಸುಣ್ಣದ ಅಂಶ ಹುಟ್ಟುತ್ತದೆ. ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಉಳಿದ ನೀರಿನ ಪಿಎಚ್ ಇದರಿಂದ ಹನ್ನೆರಡೂವರೆಗೂ ಮೇಲೆ ಹೋಗುತ್ತದೆ. ಅಂಥ ಕ್ಷಾರದಲ್ಲಿ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಕೂರುತ್ತದೆ. ಆ ಪೊರೆ ಇರುವವರೆಗೆ ತುಕ್ಕಿಲ್ಲ. ಅದನ್ನು ಕೆಡಿಸುವವು ಎರಡು. ಗಾಳಿಯ ಇಂಗಾಲದ ಡೈ ಆಕ್ಸೈಡು ಕಾಂಕ್ರೀಟಿನೊಳಗೆ ನಿಧಾನಕ್ಕೆ ಇಳಿದು ಸುಣ್ಣವನ್ನು ಸೀಮೆಸುಣ್ಣದ ಜಾತಿಯ ಕಾರ್ಬೊನೇಟ್ ಮಾಡಿಬಿಡುತ್ತದೆ. ಪಿಎಚ್ ಒಂಬತ್ತರ ಆಚೀಚೆಗೆ ಇಳಿದರೆ ಪೊರೆ ನಿಲ್ಲುವುದಿಲ್ಲ. ಇದು ಬೆಂಗಳೂರಿನಲ್ಲೂ ಆಗುತ್ತದೆ, ಕಲಬುರಗಿಯಲ್ಲೂ ಆಗುತ್ತದೆ.

ಎರಡನೆಯದು ಉಪ್ಪು, ಅದು ನಮ್ಮ ಪಾಲಿನದು. ಉಪ್ಪಿನ ಕ್ಲೋರೈಡಿಗೆ ಪಿಎಚ್ ಇಳಿಯುವವರೆಗೆ ಕಾಯುವ ಅಗತ್ಯವಿಲ್ಲ. ಕ್ಷಾರ ಇದ್ದ ಹಾಗೇ ಇರುವಾಗಲೂ ಪೊರೆಯನ್ನು ಅಲ್ಲಲ್ಲಿ ಚುಚ್ಚಿ, ಆ ಜಾಗದಲ್ಲಿ ಆಳವಾದ ಗುಳಿ ಕೊರೆಯುತ್ತದೆ. ಈ ಕೆಲಸದಲ್ಲಿ ಅದು ಖರ್ಚೂ ಆಗುವುದಿಲ್ಲ. ತುಕ್ಕು ಹಿಡಿಸಿ ಮತ್ತೆ ಬಿಡುಗಡೆಯಾಗಿ ಮುಂದಿನ ಜಾಗಕ್ಕೆ ಹೋಗುತ್ತದೆ. ಸಮುದ್ರದಿಂದ ಬೀಸುವ ಗಾಳಿ ಅದನ್ನು ತಂದು ಗೋಡೆಗೆ ಕೂರಿಸುತ್ತದೆ, ಮಳೆ ಅದನ್ನು ಒಳಕ್ಕೆ ಇಳಿಸುತ್ತದೆ, ಬೇಸಗೆ ನೀರನ್ನು ಮಾತ್ರ ಹೀರಿ ಉಪ್ಪನ್ನು ಒಳಗೇ ಬಿಡುತ್ತದೆ. ವರ್ಷ ವರ್ಷವೂ ಇದೇ.

ಕೆಲವು ಕಟ್ಟಡಗಳಲ್ಲಿ ಉಪ್ಪು ಹೊರಗಿನಿಂದ ಬರುವವರೆಗೂ ಕಾದಿಲ್ಲ, ಕಟ್ಟುವಾಗಲೇ ಒಳಗೆ ಸೇರಿದೆ. ಅಳಿವೆಯ ಹತ್ತಿರ ತೆಗೆದ, ತೊಳೆಯದ ಮರಳು. ಏಪ್ರಿಲ್-ಮೇ ಹೊತ್ತಿಗೆ ಉಪ್ಪಾಗುವ ಬಾವಿಯ ನೀರು. ಕಂಬಿ ಇರುವ ಕಾಂಕ್ರೀಟಿಗೆ ಕಲಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಮೀರಿ ಕ್ಲೋರೈಡ್ ಇರಬಾರದೆಂದು ಭಾರತೀಯ ಮಾನಕ 456 ಹೇಳುತ್ತದೆ. ಸಮುದ್ರದ ನೀರಿನಲ್ಲಿ ಅದು ಸುಮಾರು 19,000. ಮೂವತ್ತೈದು ಕೊಡ ಸಿಹಿನೀರಿಗೆ ಒಂದು ಕೊಡ ಸಮುದ್ರದ ನೀರು ಬೆರೆತರೆ ಸಾಕು, ಮಿತಿ ದಾಟಿತು.

ಈಗ ಬಲದ ಮಾತು. ತುಕ್ಕು ತಾನು ತಿಂದ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಒತ್ತಿದರೆ ತಡೆದುಕೊಳ್ಳುವ ಕಾಂಕ್ರೀಟು ಒಳಗಿನಿಂದ ಹಿಗ್ಗಿಸಿದರೆ ಸುಲಭವಾಗಿ ಸೀಳುತ್ತದೆ, ಏಕೆಂದರೆ ಎಳೆತಕ್ಕೆ ಅದರ ಶಕ್ತಿ ಒತ್ತಡದ ಶಕ್ತಿಯ ಹತ್ತನೇ ಒಂದರಷ್ಟು. ಸೀಳಿದ ಮೇಲೆ ಕಂಬಿಗೂ ಕಾಂಕ್ರೀಟಿಗೂ ಇದ್ದ ಹಿಡಿತ ಸಡಿಲವಾಗುತ್ತದೆ. ಆರ್‌ಸಿಸಿ ಎಂಬುದು ನಿಂತಿರುವುದೇ ಆ ಹಿಡಿತದ ಮೇಲೆ. ಹಿಡಿತ ಹೋದರೆ ಬೀಮಿನಲ್ಲಿ ಕಂಬಿ ಇದ್ದೂ ಇಲ್ಲದ ಹಾಗೆ.

ಕಂಬಿಯ ದಪ್ಪದ ಲೆಕ್ಕವನ್ನು ನಿಮ್ಮ ಖಜಾಂಚಿಯೇ ಮಾಡಬಹುದು. 16 ಎಂಎಂ ಕಂಬಿಯ ಸುತ್ತ ಒಂದೊಂದು ಮಿಲಿಮೀಟರ್ ತುಕ್ಕು ತಿಂದರೆ ಉಳಿಯುವುದು 14 ಎಂಎಂ. ವಿಸ್ತೀರ್ಣದಲ್ಲಿ ಶೇ 23ರಷ್ಟು ನಷ್ಟ. ಅದೇ ಒಂದು ಮಿಲಿಮೀಟರ್ 8 ಎಂಎಂ ರಿಂಗಿನ ಸುತ್ತ ಹೋದರೆ ಶೇ 44ರಷ್ಟು ನಷ್ಟ. ಹೆಚ್ಚಿನವರು ದಪ್ಪ ಕಂಬಿಯ ಚಿಂತೆ ಮಾಡುತ್ತಾರೆ. ನನಗೆ ಚಿಂತೆ ರಿಂಗುಗಳದು. ಅವು ಎಲ್ಲಕ್ಕಿಂತ ತೆಳು, ಎಲ್ಲಕ್ಕಿಂತ ಹೊರಗೆ, ಹಾಗಾಗಿ ಉಪ್ಪು ಮೊದಲು ಮುಟ್ಟುವುದು ಅವನ್ನೇ. ಪಿಲ್ಲರಿನ ಉದ್ದ ಕಂಬಿಗಳು ಭಾರಕ್ಕೆ ಹೊರಕ್ಕೆ ಬಾಗದಂತೆ ಹಿಡಿದಿರುವುದು ಈ ರಿಂಗುಗಳೇ. ನಾಲ್ಕು ರಿಂಗು ತುಂಡಾಗಿದ್ದರೆ ನಡುವಿನ ಕಂಬಿಗೆ ಆಸರೆ ತಪ್ಪಿತು.

ಇನ್ನೊಂದು ಜಾಗ ಬಾಲ್ಕನಿ. ಹೊರಚಾಚಿದ ಸ್ಲ್ಯಾಬಿನಲ್ಲಿ ಭಾರ ಹೊರುವ ಮುಖ್ಯ ಕಂಬಿ ಇರುವುದು ಮೇಲ್ಭಾಗದಲ್ಲಿ, ನೀವು ಕುರ್ಚಿ ಹಾಕಿ ಕೂರುವ ಟೈಲ್ಸಿನ ಅಡಿಯಲ್ಲಿ. ಬಟ್ಟೆ ಒಗೆದ ನೀರು, ಗಿಡದ ಕುಂಡದ ನೀರು, ಪಶ್ಚಿಮದಿಂದ ಬಡಿಯುವ ಮಳೆ ಎಲ್ಲವೂ ಟೈಲ್ಸಿನ ಸಂದಿಯಲ್ಲಿ ಇಳಿದು ಅಲ್ಲೇ ನಿಲ್ಲುತ್ತವೆ. ಕೆಳಗಿನ ಮನೆಯವರಿಗೆ ತಮ್ಮ ತಲೆಯ ಮೇಲಿನ ಸೀಲಿಂಗು ಚೆನ್ನಾಗಿಯೇ ಕಾಣುತ್ತದೆ. ಕೆಳಗಿನಿಂದ ನೋಡಿ ‘ಬಾಲ್ಕನಿ ಗಟ್ಟಿಯಿದೆ’ ಎಂದು ಸರ್ಟಿಫಿಕೇಟ್ ಕೊಡುವ ಎಂಜಿನಿಯರನ್ನು ನಂಬಬೇಡಿ.

ಉಪ್ಪು ಕಂಬಿಯನ್ನು ತಲುಪಲು ಎಷ್ಟು ವರ್ಷ ಬೇಕು ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಕಂಬಿಯ ಹೊರಗಿನ ಕಾಂಕ್ರೀಟು. ನಾವು ಅದನ್ನು ಕವರ್ ಎನ್ನುತ್ತೇವೆ. ಸೈಟಿನಲ್ಲಿ ಅದರಷ್ಟು ಅಸಡ್ಡೆಗೆ ಗುರಿಯಾಗುವ ವಸ್ತು ಇನ್ನೊಂದಿಲ್ಲ. ಕವರ್ ಬ್ಲಾಕ್ ಬದಲು ಜಲ್ಲಿಯ ಚೂರು ತುರುಕುತ್ತಾರೆ, ಕಾಂಕ್ರೀಟ್ ಹಾಕುವಾಗ ಕಂಬಿಯ ಮೇಲೆ ನಡೆದಾಡುತ್ತಾರೆ, ಕಂಬಿ ಹೋಗಿ ಸೆಂಟ್ರಿಂಗ್ ಹಲಗೆಗೆ ಅಂಟಿಕೊಳ್ಳುತ್ತದೆ. 2000ದ ಪರಿಷ್ಕರಣೆಯ ನಂತರ ನಮ್ಮ ಮಾನಕದ ಪ್ರಕಾರ ಕಡಲಗಾಳಿಗೆ ನೇರವಾಗಿ ಒಡ್ಡಿಕೊಂಡ ಕಾಂಕ್ರೀಟಿಗೆ 45 ಎಂಎಂ ಕವರ್, ಕನಿಷ್ಠ ಎಂ-30 ದರ್ಜೆ ಬೇಕು; ನೀರಿನ ತೂಕ ಸಿಮೆಂಟಿನ ತೂಕದ 0.45 ಪಾಲು ಮೀರಬಾರದು. ಕಡಲ ತುಂತುರು ಬೀಳುವ ಕಡೆ 50 ಎಂಎಂ, ಎಂ-35. ಅದಕ್ಕೂ ಹಿಂದಿನ, 1978ರ ಮಾನಕದಲ್ಲಿ ಸಾಮಾನ್ಯ ಸ್ಲ್ಯಾಬಿಗೆ 15 ಎಂಎಂ, ಬೀಮಿಗೆ 25 ಎಂಎಂ ಕವರ್ ಸಾಕಿತ್ತು. ಎಂ-15 ಕಾಂಕ್ರೀಟಿನಲ್ಲೂ ಮನೆ ಕಟ್ಟಬಹುದಿತ್ತು. ನಿಮ್ಮ ಕಟ್ಟಡ ಎಂಬತ್ತರ, ತೊಂಬತ್ತರ ದಶಕದ್ದಾದರೆ ಬಿಲ್ಡರ್ ಪ್ರಾಮಾಣಿಕನೇ ಆಗಿದ್ದರೂ ಅವನು ಪಾಲಿಸಿದ್ದು ಬಹುಶಃ ಆ ನಿಯಮವನ್ನೇ.

ಕೆಲವೇ ಮಿಲಿಮೀಟರಿನ ವ್ಯತ್ಯಾಸ ಅಷ್ಟು ದೊಡ್ಡದೇ ಎಂದು ಕೇಳುತ್ತೀರಿ. ಕಾರ್ಬೊನೇಟ್ ಆಗುವಿಕೆ ಒಳಕ್ಕೆ ಇಳಿಯುವ ಆಳ ಕಾಲದ ವರ್ಗಮೂಲದ ಪ್ರಮಾಣದಲ್ಲಿ ಬೆಳೆಯುತ್ತದೆ. ಉಪ್ಪಿನ ನಡೆಯೂ ಸ್ಥೂಲವಾಗಿ ಹಾಗೆಯೇ. ಅಂದರೆ ಕವರ್ ಅರ್ಧವಾದರೆ ಕಾಲ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. 40 ಎಂಎಂ ಕವರಿನಲ್ಲಿ ನಲವತ್ತು ವರ್ಷ ಸುರಕ್ಷಿತವಾಗಿರುತ್ತಿದ್ದ ಕಂಬಿ 20 ಎಂಎಂನಲ್ಲಿ ಹತ್ತು ವರ್ಷಕ್ಕೇ ಬಯಲಾದಂತೆ. ‘ತುಕ್ಕು ಹಿಡಿಯದ ಟಿಎಂಟಿ’ ಎಂಬ ಜಾಹೀರಾತು ಫಲಕಗಳನ್ನು ಹೆದ್ದಾರಿಯುದ್ದಕ್ಕೂ ನೋಡಿದ್ದೀರಿ. ಸಾಮಾನ್ಯ ಟಿಎಂಟಿ ಕಂಬಿಗೆ ಉಪ್ಪು ತಲುಪಿದರೆ ತುಕ್ಕು ಹಿಡಿಯುತ್ತದೆ. ಜಾಹೀರಾತಿಗೆ ಕೊಡುವ ಕಿವಿಯನ್ನು ಕವರ್ ಬ್ಲಾಕಿಗೆ ಕೊಟ್ಟಿದ್ದರೆ ಅರ್ಧ ರಿಪೇರಿಗಳೇ ಇರುತ್ತಿರಲಿಲ್ಲ.

‘ನಮ್ಮದು ಹೊಸ ಕಟ್ಟಡ, ಸ್ಟೀಲ್ ಸ್ಟ್ರಕ್ಚರ್’ ಎಂದು ಈ ಪತ್ರವನ್ನು ಪಕ್ಕಕ್ಕಿಡಲು ಹೊರಟ ಸಂಘಗಳೂ ಸ್ವಲ್ಪ ನಿಲ್ಲಿ. ಉಕ್ಕಿನ ಗರ್ಡರ್ ಮೇಲೆ ಮಡಿಕೆ ಮಡಿಕೆಯ ಡೆಕ್ ಶೀಟ್ ಹಾಸಿ ಅದರ ಮೇಲೆ ಕಾಂಕ್ರೀಟ್ ಸುರಿದ ಮಹಡಿಗಳು ಪಾರ್ಕಿಂಗ್‌ಗೂ ಅಂಗಡಿ ಮಹಡಿಗಳಿಗೂ ಬರುತ್ತಿವೆ. ಇದು ಕಾಂಪೊಸಿಟ್ ರಚನೆ. ಗರ್ಡರಿನ ನೆತ್ತಿಗೆ ಬೆಸೆದ ಸ್ಟಡ್‌ಗಳು ಕಾಂಕ್ರೀಟಿನೊಳಗೆ ಹೂತು ಎರಡನ್ನೂ ಒಂದಾಗಿ ದುಡಿಸುತ್ತವೆ. ಹಾಗೆ ಒಂದಾಗಿ ದುಡಿಯುತ್ತವೆ ಎಂಬ ನಂಬಿಕೆಯ ಮೇಲೆಯೇ ಗರ್ಡರನ್ನು ಸಣ್ಣದು ಮಾಡಿರುತ್ತಾರೆ. ನೀರು ಕಾಂಕ್ರೀಟಿನ ಬಿರುಕಿನಿಂದ ಇಳಿದು ಸ್ಟಡ್‌ನ ಬುಡದ ಬೆಸುಗೆಯ ಬಳಿ ನಿಂತು ಅದನ್ನು ತಿನ್ನತೊಡಗಿದರೆ ಸ್ಲ್ಯಾಬು ಗರ್ಡರಿನ ಮೇಲೆ ಜಾರತೊಡಗುತ್ತದೆ. ಎರಡೂ ಬೇರೆಬೇರೆಯಾಗಿ ಭಾರ ಹೊರಬೇಕಾಗುತ್ತದೆ, ಬಾಗು ಹೆಚ್ಚುತ್ತದೆ, ಕಾರು ಹೋದಾಗ ಮೊದಲಿಗಿಂತ ಹೆಚ್ಚು ನಡುಗುತ್ತದೆ. ಹೊರಗಿನಿಂದ ಸ್ಟಡ್ ಕಾಣುವುದಿಲ್ಲ, ಶೀಟಿನ ಮರೆಯಿಂದಾಗಿ ಸೋರಿಕೆಯೂ ಬೇಗ ಕಾಣುವುದಿಲ್ಲ.

ಡೆಕ್ ಶೀಟಿನ ಮೇಲಿನ ಸತುವಿನ ಲೇಪವನ್ನೂ ಅಳೆದು ನೋಡೋಣ. ಸಾಮಾನ್ಯವಾಗಿ ಸಿಗುವ ಶೀಟಿನಲ್ಲಿ ಚದರ ಮೀಟರಿಗೆ ಎರಡೂ ಮುಖ ಸೇರಿ 275 ಗ್ರಾಂ ಸತು. ಅಂದರೆ ಒಂದು ಮುಖಕ್ಕೆ ಸುಮಾರು 20 ಮೈಕ್ರಾನ್. ಕಡಲ ದಂಡೆಯ ತೀವ್ರ ವಾತಾವರಣದಲ್ಲಿ ಸತು ವರ್ಷಕ್ಕೆ ನಾಲ್ಕರಿಂದ ಎಂಟು ಮೈಕ್ರಾನಿನಷ್ಟು ಸವೆಯುತ್ತದೆ ಎನ್ನುತ್ತದೆ ಅಂತರರಾಷ್ಟ್ರೀಯ ವರ್ಗೀಕರಣ. ಭಾಗಿಸಿದರೆ ಐದು ವರ್ಷ ದಾಟುವುದಿಲ್ಲ. ಆಮೇಲೆ ಉಳಿಯುವುದು ಒಂದು ಮಿಲಿಮೀಟರ್ ಆಸುಪಾಸಿನ ಬರಿಯ ತಗಡು. ಆದ್ದರಿಂದ ನಿಮ್ಮ ಬಿಲ್ಡರಿಗೆ ಬರವಣಿಗೆಯಲ್ಲಿ ಒಂದು ಪ್ರಶ್ನೆ ಕೇಳಿ: ಈ ಶೀಟು ಬರೀ ಸೆಂಟ್ರಿಂಗಿಗೆ ಹಾಕಿದ್ದೋ, ಸ್ಲ್ಯಾಬಿನ ತಳದ ಕಂಬಿಯ ಬದಲಿಗೆ ಲೆಕ್ಕ ಹಿಡಿದದ್ದೋ? ಎರಡನೆಯದಾದರೆ ಶೀಟು ಸವೆದಷ್ಟೂ ಸ್ಲ್ಯಾಬಿನ ಬಲ ಸವೆದಂತೆ. ಅಂಥ ಶೀಟಿಗೆ ಬಣ್ಣ ಬಳಿಯುವುದು ಅಲಂಕಾರವಲ್ಲ, ರಕ್ಷಣೆ. ಉಕ್ಕಿನ ಕಂಬ ಕಾಂಕ್ರೀಟ್ ಪೀಠದೊಳಕ್ಕೆ ಇಳಿಯುವ ಬುಡವನ್ನೂ ಪ್ರತಿ ಮಳೆಗಾಲದ ನಂತರ ನೋಡಿ. ಕಾಂಕ್ರೀಟಿನೊಳಗಿನ ಉಕ್ಕು ಸುರಕ್ಷಿತ, ಹೊರಗಿನದು ಅಲ್ಲ. ಎರಡೂ ಒಂದೇ ತುಂಡಾದ್ದರಿಂದ ವಿದ್ಯುತ್ ಕೋಶದಂತೆ ವರ್ತಿಸಿ, ಸೇರುವ ಗೆರೆಯಲ್ಲಿ ತುಕ್ಕು ಜೋರಾಗುತ್ತದೆ.

ಇದೇ ವಿದ್ಯುತ್ ಕೋಶ ನಮ್ಮ ಹಳೆಯ ಕಟ್ಟಡಗಳ ರಿಪೇರಿಗಳನ್ನೂ ಹಾಳು ಮಾಡುತ್ತದೆ. ಉದುರಿದ ಜಾಗವನ್ನಷ್ಟೇ ಕೆತ್ತಿ, ಕಂಬಿಗೆ ಕೆಂಪು ಪ್ರೈಮರ್ ಹಚ್ಚಿ, ಹೊಸ ಗಾರೆ ತುಂಬಿ ಹೋಗುತ್ತಾರೆ. ತೇಪೆಯೊಳಗಿನ ಕಂಬಿಗೆ ಹೊಸ ಕ್ಷಾರ ಸಿಕ್ಕಿ ಅದು ನೆಮ್ಮದಿಯಾಗುತ್ತದೆ. ತೇಪೆಯ ಅಂಚಿನಾಚೆಗೆ ಉಪ್ಪು ತುಂಬಿದ ಹಳೆಯ ಕಾಂಕ್ರೀಟಿನಲ್ಲಿ ಅದೇ ಕಂಬಿ ಮುಂದುವರಿದಿದೆಯಲ್ಲ, ಅಲ್ಲಿ ತುಕ್ಕು ಮೊದಲಿಗಿಂತ ವೇಗ ಪಡೆಯುತ್ತದೆ. ಕೆಲವೇ ವರ್ಷಗಳಲ್ಲಿ ತೇಪೆಯ ಸುತ್ತಲೇ ಹೊಸ ಬಿರುಕು. ಆಗ ಸಭೆಯಲ್ಲಿ ಹಿಂದಿನ ಸಮಿತಿ ದುಡ್ಡು ಹೊಡೆಯಿತು ಎಂಬ ಮಾತು ಏಳುತ್ತದೆ. ದುಡ್ಡು ಯಾರೂ ಹೊಡೆದಿರಲಿಕ್ಕಿಲ್ಲ. ಮಾಡಿದ ಕೆಲಸವೇ ಅರ್ಧಂಬರ್ಧ.

ಸರಿಯಾದ ಕೆಲಸ ಎಂದರೆ ಮೊದಲು ನೀರಿನ ದಾರಿ ಮುಚ್ಚುವುದು. ಆಮೇಲೆ ಜಾಕಿ ಕೊಟ್ಟು ಭಾರ ಇಳಿಸಿ, ಕಂಬಿಯ ಹಿಂಭಾಗಕ್ಕೂ ಬೆರಳು ಹೋಗುವಷ್ಟು ಕೆತ್ತಿ, ಸುತ್ತಲೂ ತುಕ್ಕು ತೆಗೆದು, ಸವೆದ ಕಡೆ ಜೊತೆ ಕಂಬಿ ಕೊಟ್ಟು, ಉಪ್ಪು ಸೇರಿದ ಕಾಂಕ್ರೀಟನ್ನು ಉಪ್ಪಿಲ್ಲದವರೆಗೆ ತೆಗೆಯುವುದು. ಅಷ್ಟು ತೆಗೆಯಲಾಗದ ಕಡೆ ತೇಪೆಯ ಅಂಚಿಗೆ ಸತುವಿನ ಆನೋಡ್ ಕಟ್ಟುತ್ತಾರೆ; ಕಂಬಿಯ ಬದಲು ಸತು ಸವೆಯುತ್ತದೆ. ಬಣ್ಣ ಇವೆಲ್ಲ ಆದ ಮೇಲೆ. ಜಾಕಿ ಕೊಡದೆ ಪಿಲ್ಲರ್ ಕೆತ್ತಲು ನಿಂತ ಕಾಂಟ್ರಾಕ್ಟರನ್ನು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ.

2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾರವಾರದ ಹಳೆಯ ಕಾಳಿ ಸೇತುವೆ ಲಾರಿಯೊಂದರ ಸಮೇತ ನದಿಗೆ ಕುಸಿದಾಗ ಕರಾವಳಿಯೆಲ್ಲ ಸೇತುವೆಗಳ ಬಗ್ಗೆ ಮಾತಾಡಿತು. ಆ ಸೇತುವೆಗೆ ಸುಮಾರು ನಲವತ್ತು ವರ್ಷವಾಗಿತ್ತು. ಅದರ ಕಾರಣಗಳ ಚರ್ಚೆ ನನ್ನ ಈ ಪತ್ರದ್ದಲ್ಲ. ಅದೇ ವಯಸ್ಸಿನ, ಅದೇ ಗಾಳಿಗೆ ನಿಂತ ಕಟ್ಟಡಗಳಲ್ಲಿ ನಾವು ಮಲಗುತ್ತೇವೆ ಎಂಬುದಷ್ಟೇ ನನ್ನ ವಿಷಯ.

ಸಂಘಗಳಿಗೆ ಇನ್ನೂ ಹತ್ತಿರದ ಪಾಠ ಇರುವುದು ಅಮೆರಿಕದಲ್ಲಿ. ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ ಕಡಲಿಗೆ ಮುಖ ಮಾಡಿ ನಿಂತ ಚಾಂಪ್ಲೇನ್ ಟವರ್ಸ್ ಸೌತ್ ಎಂಬ ಹನ್ನೆರಡು ಮಹಡಿಯ, 1981ರಲ್ಲಿ ಮುಗಿದ ಕಟ್ಟಡದ ಒಂದು ಭಾಗ 2021ರ ಜೂನ್ 24ರ ನಡುರಾತ್ರಿ ಕಳೆದ ಮೇಲೆ ಕುಸಿದು 98 ಮಂದಿ ಸತ್ತರು. ಈಜುಕೊಳದ ಸುತ್ತಲಿನ ಸ್ಲ್ಯಾಬಿಗೆ ಇಳಿಜಾರಿಲ್ಲದೆ ನೀರು ನಿಲ್ಲುತ್ತಿದೆ, ವಾಟರ್‌ಪ್ರೂಫಿಂಗ್ ಹೋಗಿದೆ, ಕೆಳಗಿನ ಕಾಂಕ್ರೀಟು ಹಾಳಾಗುತ್ತಿದೆ ಎಂದು 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ದರು. ಅಂದಾಜು ಖರ್ಚು ಸುಮಾರು 90 ಲಕ್ಷ ಡಾಲರ್. ಮಾಲೀಕರಲ್ಲಿ ಜಗಳ ಶುರುವಾಯಿತು. ಮರುವರ್ಷ ಸಮಿತಿಯ ಬಹುಪಾಲು ಸದಸ್ಯರು ಬಿಟ್ಟುಹೋದರು. 2021ರ ಏಪ್ರಿಲ್ ಹೊತ್ತಿಗೆ ಖರ್ಚು ಒಂದೂವರೆ ಕೋಟಿ ಡಾಲರಿಗೆ ಏರಿತ್ತು. ಕಂತು ಕಟ್ಟಲು ಗಡುವು ಬರುವ ಹೊತ್ತಿಗೆ ಕಟ್ಟಡ ಬಿತ್ತು. ತುಕ್ಕೊಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು: ಆ ಸ್ಲ್ಯಾಬು ಮೂಲ ವಿನ್ಯಾಸದಲ್ಲೇ ನಿಯಮಕ್ಕಿಂತ ದುರ್ಬಲವಾಗಿತ್ತೆಂದು ತನಿಖೆ ಕಂಡುಕೊಂಡಿದೆ. ಆದರೆ ನಿಮ್ಮ ಬಿಲ್ಡರನ ವಿನ್ಯಾಸದ ಲೆಕ್ಕ ಎಷ್ಟು ಸರಿಯಿತ್ತೆಂದು ನಿಮಗೆ ಗೊತ್ತೇ? ಫ್ಲಾರಿಡಾ 2022ರಲ್ಲಿ ಕಾನೂನು ಬದಲಿಸಿ ಮೂರು ಅಥವಾ ಹೆಚ್ಚು ಮಹಡಿಯ ಇಂಥ ಕಟ್ಟಡಗಳಿಗೆ ಮೂವತ್ತನೇ ವರ್ಷಕ್ಕೆ ತಪಾಸಣೆ ಕಡ್ಡಾಯ ಮಾಡಿತು. ಮುಂಬೈಯಲ್ಲೂ ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕೆಂಬ ನಿಯಮವಿದೆ. ನಮ್ಮ ಕರಾವಳಿಯಲ್ಲಿ ನನ್ನನ್ನು ಕೇಳಿದರೆ ಮೊದಲನೆಯದು ಹದಿನೈದನೇ ವರ್ಷಕ್ಕೇ ಆಗಬೇಕು.

‘ಪಿಲ್ಲರ್ ನಮ್ಮ ಮನೆಯೊಳಗೆ ಇಲ್ಲ, ನಾವ್ಯಾಕೆ ದುಡ್ಡು ಕೊಡಬೇಕು’ ಎಂಬ ಮೇಲಿನ ಮಹಡಿಯವರಿಗೆ: ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ 1972ರ ಪ್ರಕಾರ ಅಡಿಪಾಯ, ಪಿಲ್ಲರ್, ಬೀಮು, ಮುಖ್ಯ ಗೋಡೆ, ಮಾಡು ಇವೆಲ್ಲ ಸಾಮಾನ್ಯ ಸ್ವತ್ತು. ನೆಲ ಮಹಡಿಯ ಪಿಲ್ಲರಿನ ಮೇಲೆ ನಿಂತಿರುವುದು ನೀವೇ. ಟೆರೇಸಿನ ಸೋರಿಕೆಗೆ ಪರಿಹಾರವೆಂದು ಉಕ್ಕಿನ ಟ್ರಸ್ ನಿಲ್ಲಿಸಿ ಶೀಟ್ ಹಾಕಿಸುವವರಿಗೂ ಒಂದು ಮಾತು. ಶೀಟ್ ಒಳ್ಳೆಯದೇ, ನೀರು ತಡೆಯುತ್ತದೆ. ಆದರೆ ಟ್ರಸ್ಸಿನ ಕಾಲು ನಿಲ್ಲಿಸಲು ಸ್ಲ್ಯಾಬಿಗೆ ಎಲ್ಲೆಂದರಲ್ಲಿ ಡ್ರಿಲ್ ಹೊಡೆದರೆ ನೀರಿಗೆ ನೀವೇ ಬಾಗಿಲು ತೆರೆದಂತೆ. ಕಾಲುಗಳು ಬೀಮಿನ ನೇರಕ್ಕೆ ಬರಲಿ, ತೂತುಗಳಿಗೆ ಸರಿಯಾದ ಗ್ರೌಟ್ ಬೀಳಲಿ.

ಪರೀಕ್ಷೆಗಳು ನೀವು ಅಂದುಕೊಂಡಷ್ಟು ದುಬಾರಿಯಲ್ಲ. ಕವರ್ ಮೀಟರ್ ಒಡೆಯದೆಯೇ ಕಂಬಿಯ ಆಳ ಹೇಳುತ್ತದೆ. ಹೊಸದಾಗಿ ಕೆತ್ತಿದ ಕಾಂಕ್ರೀಟಿನ ಮೇಲೆ ಫಿನಾಲ್ಫ್ಥಲೀನ್ ದ್ರಾವಣ ಚಿಮುಕಿಸಿದರೆ ಕ್ಷಾರ ಉಳಿದ ಭಾಗ ಗುಲಾಬಿಯಾಗುತ್ತದೆ, ಉಳಿಯದ ಭಾಗಕ್ಕೆ ಬಣ್ಣ ಬರುವುದಿಲ್ಲ. ಸದಸ್ಯರನ್ನೆಲ್ಲ ಕರೆದು ತೋರಿಸಿ, ಸಭೆಯ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಡ್ರಿಲ್ಲಿನ ಪುಡಿಯನ್ನು ಬೇರೆಬೇರೆ ಆಳದಿಂದ ತೆಗೆದು ಕ್ಲೋರೈಡ್ ಅಳೆಸಬೇಕು. ನಮ್ಮ ಮಾನಕದ ಮಿತಿ ಘನ ಮೀಟರಿಗೆ 0.6 ಕಿಲೊ. ಆಳಕ್ಕೆ ಹೋದಂತೆ ಉಪ್ಪು ಕಡಿಮೆಯಾದರೆ ಅದು ಗಾಳಿಯಿಂದ ಬಂದದ್ದು. ಎಲ್ಲ ಆಳದಲ್ಲೂ ಒಂದೇ ಸಮ ಇದ್ದರೆ ಮರಳಿನದೋ ನೀರಿನದೋ. ಎರಡಕ್ಕೂ ಚಿಕಿತ್ಸೆ ಬೇರೆ. ಕಂಬಿಯ ವಿದ್ಯುತ್ ವಿಭವ ಅಳೆಯುವ ಹಾಫ್ ಸೆಲ್ ಪರೀಕ್ಷೆಯಲ್ಲಿ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗೆ ಬಂದ ಕಡೆ ತುಕ್ಕು ನಡೆಯುತ್ತಿರುವ ಸಂಭವ ಶೇ 90ಕ್ಕೂ ಹೆಚ್ಚು. ಯಾವ ಪಿಲ್ಲರ್ ಈ ವರ್ಷ, ಯಾವುದು ಮುಂದಿನ ವರ್ಷ ಎಂಬ ಸರದಿಯನ್ನು ಈ ಅಂಕಿಗಳೇ ಹೇಳುತ್ತವೆ.

ಹಾಗಾಗಿ ನನ್ನ ಕೋರಿಕೆ: ಈ ಸಲದ ಮಹಾಸಭೆಯಲ್ಲಿ ಪೇಂಟಿಂಗ್ ವಿಷಯವನ್ನು ಎರಡನೆಯದಕ್ಕೆ ಇಳಿಸಿ, ತಪಾಸಣೆಯನ್ನು ಮೊದಲನೆಯದಕ್ಕೆ ತನ್ನಿ. ರಿಪೇರಿ ಕೆಲಸವನ್ನು ತಾನೇ ವಹಿಸಿಕೊಳ್ಳದ, ಕೆಮಿಕಲ್ ಕಂಪನಿಯ ಏಜೆಂಟನೂ ಅಲ್ಲದ ಸ್ಟ್ರಕ್ಚರಲ್ ಎಂಜಿನಿಯರನ್ನು ನೇಮಿಸಿ, ಅವನ ಫೀಸನ್ನು ಸಂಘವೇ ಕೊಡಲಿ. ಕಾರ್ಪಸ್ ಫಂಡಿನಲ್ಲಿ ಕಟ್ಟಡದ ದುರಸ್ತಿಗೆಂದೇ ಒಂದು ಪಾಲನ್ನು ಬೇರೆ ಖಾತೆಯಲ್ಲಿಡಿ. ಲಿಫ್ಟಿಗೋ ಜನರೇಟರಿಗೋ ಅದನ್ನು ಮುಟ್ಟಬೇಡಿ. ವರದಿ ಬಂದ ಮೇಲೆ ಅದನ್ನು ಕಪಾಟಿನಲ್ಲಿಡದೆ ನೋಟಿಸ್ ಬೋರ್ಡಿಗೆ ಹಾಕಿ. ಫ್ಲ್ಯಾಟಿನ ಬೆಲೆ ಬೀಳುತ್ತದೆ ಎಂಬ ಹೆದರಿಕೆಯಿಂದ ವರದಿಯನ್ನು ಮುಚ್ಚಿಟ್ಟರೆ, ಕೆಳಗೆ ಬಾಡಿಗೆಗಿರುವವರಿಗೂ ಪಾರ್ಕಿಂಗ್‌ನಲ್ಲಿ ಆಡುವ ಮಕ್ಕಳಿಗೂ ನೀವು ಉತ್ತರ ಕೊಡಬೇಕಾಗುತ್ತದೆ.

ಇತಿ ನಿಮ್ಮವನೇ,
ಕರಾವಳಿಯ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್